ನೆಲ ಕೇಳುವ ಬೇರು

ದ್ರಾಕ್ಷಿ ಪಡ ಹಾಕಲು ಹೊರಟ ರೈತನ ಜೊತೆ ಒಂದು ದಿನ ಓಡಾಡಿದರೆ ಸಾಕು, ಅವನು ಎಷ್ಟು ಸೂಕ್ಷ್ಮ ಮನುಷ್ಯ ಎಂಬುದು ತಿಳಿಯುತ್ತದೆ. ಚಪ್ಪರವೋ ವೈ ಆ್ಯಂಗಲ್ಲೋ, ಆ್ಯಂಗಲ್ಲಿನ ಕಬ್ಬಿಣ ಎಷ್ಟು ದಪ್ಪ, ತಂತಿ ಎಷ್ಟು ಭಾರ ತಡೆದೀತು, ಡ್ರಿಪ್ಪಿನ ಪೈಪು ಎಷ್ಟು ವರ್ಷ ಬಾಳೀತು, ಸಾಲಿಗೆ ಸಾಲು ಒಂಬತ್ತಡಿ ಬಿಡಬೇಕೋ ಹತ್ತಡಿಯೋ, ಪ್ರತಿಯೊಂದಕ್ಕೂ ನಾಲ್ಕು ಊರು ತಿರುಗಿ ವಿಚಾರಿಸಿರುತ್ತಾನೆ. ತಳಿಯ ಮಾತು ಬಂದರಂತೂ ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್, ಶರದ್ ಎಂದು ರಾತ್ರಿಯಿಡೀ ಕೂತು ವಾದಿಸಬಲ್ಲ. ಇದೆಲ್ಲ ನೆಲದ ಮೇಲಿನ ಮಾತಾಯಿತು. ನೆಲದೊಳಗೆ ಇಳಿಯುವ ಬೇರು ಯಾವುದಿರಬೇಕು ಎಂದು ಕೇಳಿ ನೋಡಿ. ವಿಜಯಪುರದಿಂದ ಅಥಣಿಯವರೆಗೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಡಾಗ್‌ರಿಜ್ ರೀ, ಮತ್ತೇನ?”

ಆ ‘ಮತ್ತೇನ?’ ಎಂಬ ಮಾತಿನ ಬಗ್ಗೆಯೇ ನನ್ನ ತಕರಾರು.

ದ್ರಾಕ್ಷಿಯ ಒಡನಾಟವಿಲ್ಲದವರಿಗಾಗಿ ಇಷ್ಟು ಹೇಳಬೇಕು. ಉತ್ತರ ಕರ್ನಾಟಕದ ಪಡದಲ್ಲಿ ಒಂದು ಬಳ್ಳಿಯಂತೆ ಕಾಣುವುದು ನಿಜದಲ್ಲಿ ಎರಡು ಗಿಡ. ಬುಡದಿಂದ ಒಂದಡಿ, ಒಂದೂವರೆ ಅಡಿ ಮೇಲೆ ಕೈಯಾಡಿಸಿದರೆ ಒಂದು ಗಂಟು ಸಿಗುತ್ತದೆ. ಗಂಟಿನ ಮೇಲಿನದು ಹಣ್ಣು ಕೊಡುವ ತಳಿ. ಕೆಳಗಿನದು ಬೇರುಸಸಿ, ಅಮೆರಿಕದ ಕಾಡುಬಳ್ಳಿಯ ಸಂತತಿ. ಜನವರಿ, ಫೆಬ್ರವರಿ ಹೊತ್ತಿಗೆ ಬೇರುಸಸಿಯನ್ನು ಹೊಲದಲ್ಲಿ ಹಚ್ಚುತ್ತಾರೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅದರ ಕಾಂಡ ಪೆನ್ಸಿಲಿನಷ್ಟು ದಪ್ಪವಾಗಿರುತ್ತದೆ. ಆಗ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಹೆರೆದ ಎರಡು ಕಣ್ಣಿನ ಕಸಿಕಡ್ಡಿಯನ್ನು ಅದರಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಪಳಗಿದ ಕೈಗೆ ಅದು ಒಂದೆರಡು ನಿಮಿಷದ ಕೆಲಸ. ಒಂಬತ್ತಡಿಗೆ ಐದಡಿ ಲೆಕ್ಕದಲ್ಲಿ ಎಕರೆಗೆ 968 ಗಿಡ. ಅವೆಲ್ಲ ಮುಂದಿನ ಹದಿನೈದು ವರ್ಷ ನೆಲದಿಂದ ಏನನ್ನು ಹೀರಬೇಕು, ಏನನ್ನು ಬಿಡಬೇಕು ಎಂಬುದು ಬೇರುಸಸಿ ಆರಿಸಿದ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ತಳಿ ಬೇಡವಾದರೆ ಅದೇ ಬೇರಿನ ಮೇಲೆ ಇನ್ನೊಂದನ್ನು ಕಸಿ ಮಾಡಬಹುದು. ಬೇರು ಬೇಡವಾದರೆ ಪಡವನ್ನೇ ಕೀಳಬೇಕು.

ನಮ್ಮ ಕಾಕಾ ಹಾಗೆ ಪಡ ಕೀಳಿಸಿದ ದಿನ ನಾನು ಅಲ್ಲೇ ಇದ್ದೆ. ಟಿಕೋಟಾದ ಆಚೆ ಅವರದು ನಾಲ್ಕು ಎಕರೆ. ಮೇಲಿನ ಎರಡು ಎಕರೆ ಮಡ್ಡಿ. ಮೇಲೆ ಒಂದಡಿ ಮಣ್ಣು, ಕೆಳಗೆ ಬರೀ ಗರಸು. ಕೆಳಗಿನ ಎರಡು ಎಕರೆ ಹಳ್ಳದ ದಂಡೆಯ ಆಳವಾದ ಎರೆಹೊಲ. ಎರಡಕ್ಕೂ ಒಂದೇ ಬೋರಿನ ನೀರು, ಒಂದೇ ಥಾಮ್ಸನ್, ಒಂದೇ ಡಾಗ್‌ರಿಜ್ ಬೇರು. ಮೊದಲ ಐದಾರು ವರ್ಷ ಬಂದವರೆಲ್ಲ ಕೆಳಗಿನ ಪಡವನ್ನೇ ಹೊಗಳುತ್ತಿದ್ದರು. ಎಲೆಗಳು ಅಂಗೈಗಿಂತ ಅಗಲ, ಕಡ್ಡಿಗಳು ಬೆರಳಿಗಿಂತ ದಪ್ಪ, ಒಳಗೆ ಕಾಲಿಟ್ಟರೆ ಮಟಮಟ ಮಧ್ಯಾಹ್ನವೂ ನೆರಳು. ಆದರೆ ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಆದ ಮೇಲೆ ಗೊನೆ ಎಣಿಸಿದರೆ ಮೇಲಿನ ಬಡಕಲು ಪಡದ್ದೇ ಹೆಚ್ಚು. ಹತ್ತನೆಯ ವರ್ಷದ ಹೊತ್ತಿಗೆ ಕೆಳಗಿನ ಪಡದ ಎಲೆಗಳು ಅಂಚಿನಿಂದ ಸುಡತೊಡಗಿದವು. ಬಳ್ಳಿಯ ತೋಳುಗಳು ಒಂದೊಂದಾಗಿ ಒಣಗಿದವು. ಏಪ್ರಿಲ್ ಚಾಟ್ನಿ ಮಾಡಿದರೆ ಅರ್ಧ ಕಣ್ಣು ಒಡೆಯುತ್ತಿರಲಿಲ್ಲ. ಹದಿಮೂರನೆಯ ವರ್ಷ ಜೆಸಿಬಿ ಬಂತು.

ಬದುವಿನ ಮೂಲೆಗೆ ಬಂದಾಗ ಜೆಸಿಬಿ ಹುಡುಗ ಯಂತ್ರ ನಿಲ್ಲಿಸಿ ಕೇಳಿದ: “ಕಾಕಾ, ಇಲ್ಲಿ ಒಂದ್ ಹನ್ನೆರಡ ಗಿಡ ಭಾಳ ಹಸರ ಅದಾವ. ಇವನೂ ಕೀಳ್ಲ್ಯಾ?” ಕಾಕಾ ಆ ಕಡೆ ನೋಡಲೂ ಇಲ್ಲ. “ಹನ್ನೆರಡ ಇಟ್ಕೊಂಡ ಏನ್ ಮಾಡ್ಲೋ ತಮ್ಮಾ, ಕಿತ್ತ ಒಗಿ.” ಸಂಜೆ ರಾಶಿ ಬಿದ್ದ ಬೊಡ್ಡೆಗಳನ್ನು ನೋಡುತ್ತ ಕೂತಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಉಳಿದ ಬಳ್ಳಿಗಳಲ್ಲಿ ಗಂಟಿನ ಮೇಲೂ ಕೆಳಗೂ ಕಾಂಡ ಹೆಚ್ಚುಕಡಿಮೆ ಒಂದೇ ದಪ್ಪ. ಈ ಹನ್ನೆರಡರಲ್ಲಿ ಗಂಟಿನ ಕೆಳಗಿನ ಕಾಂಡ ಸಣ್ಣದು, ತೊಗಟೆಯ ಸಿಬಿರೂ ಬೇರೆ. ಹದಿಮೂರು ವರ್ಷದ ಹಿಂದೆ ಸಸಿ ತಂದ ನರ್ಸರಿಯ ಚೀಲಗಳಲ್ಲಿ ಬೇರೆ ಯಾವುದೋ ಜಾತಿಯ ಸಸಿ ಬೆರೆತಿರಬೇಕು. ಯಾವುದು? ಬುಡದಿಂದ ಒಂದೇ ಒಂದು ಚಿಗುರು ಉಳಿದಿದ್ದರೆ ಎಲೆ ನೋಡಿ ಹೇಳಬಹುದಿತ್ತು. ಡಾಗ್‌ರಿಜ್ ಚಿಗುರಿನ ತುದಿಗೆ ಜೇಡರ ಬಲೆಯಂಥ ಬೂದು ರೋಮ ಇರುತ್ತದೆ. 110 ಆರ್ ಎಂಬ ಇನ್ನೊಂದು ಬೇರುಸಸಿಯ ಎಲೆ ಚಿಕ್ಕದು, ನುಣುಪು, ಎಣ್ಣೆ ಸವರಿದಂತೆ ಹೊಳೆಯುತ್ತದೆ. ಆದರೆ ಬುಡದ ಚಿಗುರನ್ನು ಪ್ರತಿವರ್ಷ ತಪ್ಪದೆ ಚಿವುಟುವುದೇ ಒಳ್ಳೆಯ ಒಕ್ಕಲುತನ. ಕಾಕಾ ಒಳ್ಳೆಯ ಒಕ್ಕಲಿಗರು. ಆ ಎರೆಹೊಲದಲ್ಲಿ, ಆ ಬೋರಿನ ನೀರಿನಲ್ಲಿ ಹದಿಮೂರು ವರ್ಷ ಬದುಕಿ ತೋರಿಸಿದ ಬೇರು ಯಾವುದೆಂಬುದು ನಮಗೆ ತಿಳಿಯದೇ ಹೋಯಿತು.

ಹಸಿರಾಗಿ ಉಳಿದ ಬಳ್ಳಿಯನ್ನು ಅಗೆದು ನೋಡಬೇಕು ಎಂಬುದು ದ್ರಾಕ್ಷಿಯ ಚರಿತ್ರೆಯಲ್ಲಿ ಹಳೆಯ ಪಾಠ. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ತೋಟಗಳು ಕಾರಣ ತಿಳಿಯದೆ ಒಣಗುತ್ತ ಬಂದವು. ಸತ್ತ ಬಳ್ಳಿಗಳ ಬೇರಿನಲ್ಲಿ ಏನೂ ಸಿಗುತ್ತಿರಲಿಲ್ಲ. 1868ರ ಜುಲೈಯಲ್ಲಿ ಮಾಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶೋ ಮತ್ತವರ ಜೊತೆಗಾರರು ಇನ್ನೂ ಜೀವವಿದ್ದ ಬಳ್ಳಿಯ ಬೇರನ್ನು ಭೂತಗನ್ನಡಿಯಲ್ಲಿ ನೋಡಿದಾಗ ಹಳದಿ ಹೇನಿನಂಥ ಕೀಟಗಳು ಗುಂಪುಗುಂಪಾಗಿ ರಸ ಹೀರುತ್ತಿದ್ದವು. ಬೇರು ಸತ್ತಕೂಡಲೇ ಅವು ಪಕ್ಕದ ಬಳ್ಳಿಗೆ ಸಾಗುತ್ತಿದ್ದುದರಿಂದಲೇ ಅಲ್ಲಿಯವರೆಗೆ ಕಣ್ಣಿಗೆ ಬಿದ್ದಿರಲಿಲ್ಲ. ಅದು ಫಿಲಾಕ್ಸೆರಾ, ಅಮೆರಿಕದಿಂದ ಬಂದ ಕೀಟ. 1875ರಲ್ಲಿ 8.4 ಕೋಟಿ ಹೆಕ್ಟೋಲೀಟರ್ ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ಕ್ಕೆ 2.3 ಕೋಟಿಗೆ ಇಳಿಯಿತು. ಕೀಟ ಬಂದ ಊರಿನಲ್ಲೇ ಮದ್ದೂ ಇತ್ತು. ಆ ಕೀಟದ ಜೊತೆಗೇ ಬೆಳೆದು ಅದನ್ನು ತಾಳಿಕೊಂಡ ಅಮೆರಿಕದ ಕಾಡುಬಳ್ಳಿಗಳ ಬೇರಿನ ಮೇಲೆ ಯುರೋಪಿನ ತಳಿಗಳನ್ನು ಕಸಿ ಮಾಡುವುದು.

ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಇದರ ಮುಂದಿನ ಭಾಗ. ಬೇರುಸಸಿಯಾಗಿ ಮೊದಮೊದಲು ಹೆಚ್ಚು ಬಳಕೆಗೆ ಬಂದ ಅಮೆರಿಕದ ಬಳ್ಳಿಗಳೆಂದರೆ ರಿಪೇರಿಯಾ ಮತ್ತು ರುಪೆಸ್ಟ್ರಿಸ್. ಕೀಟವನ್ನು ಅವು ಚೆನ್ನಾಗಿಯೇ ತಡೆದವು. ಆದರೆ ಕೊನ್ಯಾಕ್ ಪಟ್ಟಣದ ಸುತ್ತಲಿನ ಬಿಳಿ ಸುಣ್ಣದ ನೆಲದಲ್ಲಿ ನೆಟ್ಟಾಗ ಎಲೆಗಳಲ್ಲಿ ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕಿದ್ದೆಲ್ಲ ಹಳದಿಗೆ ತಿರುಗಿ ಬಳ್ಳಿಗಳು ಸೊರಗಿದವು. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕೀಟಕ್ಕೆ ಬಗ್ಗದ ಬೇರು ಸುಣ್ಣಕ್ಕೆ ಬಗ್ಗಿತು. ಹೀಗಾಗಿ 1887ರಲ್ಲಿ ಫ್ರೆಂಚ್ ಸರ್ಕಾರ ಪಿಯೆರ್ ವಿಯಾಲಾ ಎಂಬ ಪ್ರಾಧ್ಯಾಪಕನನ್ನು ಅಮೆರಿಕಕ್ಕೆ ಕಳಿಸಿತು. ಅವನಿಗೆ ಕೊಟ್ಟ ಕೆಲಸ ನೋಡಿ: ಉತ್ತಮ ಬಳ್ಳಿ ತಾ ಎಂದಲ್ಲ, ನಮ್ಮ ಸುಣ್ಣದ ನೆಲದಂಥ ನೆಲದಲ್ಲಿ ತಾನಾಗಿ ಬೆಳೆದ ಬಳ್ಳಿ ತಾ ಎಂದು. ಹುಡುಕಿದ್ದು ಬಳ್ಳಿಯನ್ನಲ್ಲ, ಮೊದಲು ನೆಲವನ್ನು. ಟೆಕ್ಸಾಸಿನ ಡೆನಿಸನ್ ಊರಿನಲ್ಲಿದ್ದ ದ್ರಾಕ್ಷಿ ತಜ್ಞ ಥಾಮಸ್ ಮನ್ಸನ್ ಅವನಿಗೆ ದಾರಿ ತೋರಿಸಿದ. ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬರ್ಲಾಂಡಿಯೆರಿ ಎಂಬ ಕಾಡುಬಳ್ಳಿ ಹಸಿರಾಗಿ ಹಬ್ಬಿತ್ತು. ಆ ಉಪಕಾರಕ್ಕೆ ಫ್ರಾನ್ಸ್ 1888ರಲ್ಲಿ ಮನ್ಸನ್ನನಿಗೆ ಕೃಷಿಯ ಗೌರವ ಪದಕ ಕೊಟ್ಟಿತು. ಕೊನ್ಯಾಕ್ ಮತ್ತು ಡೆನಿಸನ್ ಇಂದಿಗೂ ಸೋದರ ನಗರಗಳು.

ಬರ್ಲಾಂಡಿಯೆರಿಗೂ ಒಂದು ಕೊರತೆ ಇತ್ತು. ಅದರ ಕಡ್ಡಿ ನೆಟ್ಟರೆ ಸುಲಭಕ್ಕೆ ಬೇರು ಬಿಡುವುದಿಲ್ಲ. ಅದಕ್ಕೇ ಅದನ್ನು ಬೇರೆ ಬಳ್ಳಿಗಳೊಂದಿಗೆ ಸಂಕರ ಮಾಡಿದರು. ಇಂದು ಜಗತ್ತಿನ ನರ್ಸರಿಗಳಲ್ಲಿ ಅಂಕಿ, ಅಕ್ಷರಗಳ ಹೆಸರು ಹೊತ್ತು ಸಿಗುವ ಬೇರುಸಸಿಗಳಲ್ಲಿ ಹೆಚ್ಚಿನವು ಈ ಮೂರು ಕಾಡುಬಳ್ಳಿಗಳ ಮಕ್ಕಳು, ಮೊಮ್ಮಕ್ಕಳು. ಹೊಳೆದಂಡೆಯ ರಿಪೇರಿಯಾ ತನ್ನ ಬೇರನ್ನು ಮೇಲುಮಣ್ಣಿನಲ್ಲೇ ಅಗಲಕ್ಕೆ ಹರಡುತ್ತದೆ. ಹಣ್ಣು ಬೇಗ ಮಾಗಿಸುತ್ತದೆ, ಬರಕ್ಕೆ ಅಂಜುತ್ತದೆ. ಕಲ್ಲುಹಳ್ಳಗಳ ರುಪೆಸ್ಟ್ರಿಸ್ ನೀರು ಹುಡುಕುತ್ತ ನೇರ ಕೆಳಗೆ ಇಳಿಯುತ್ತದೆ. ಸುಣ್ಣಕ್ಕೆ ಬರ್ಲಾಂಡಿಯೆರಿ. ಫ್ರಾನ್ಸಿನವರು ಇದಕ್ಕೆ ಅಂಕಿ ಹಚ್ಚಿಟ್ಟಿದ್ದಾರೆ: ಮಣ್ಣಿನ ಕರಗಬಲ್ಲ ಸುಣ್ಣ ಶೇ 6 ದಾಟಿದರೆ ಶುದ್ಧ ರಿಪೇರಿಯಾ ಸೋಲುತ್ತದೆ, 3309 ಎಂಬುದು ಶೇ 11ರವರೆಗೆ, 110 ಆರ್ ಶೇ 17ರವರೆಗೆ ತಾಳುತ್ತದೆ, 1882ರಲ್ಲಿ ಹುಟ್ಟಿದ 41 ಬಿ ಶೇ 40ರವರೆಗೂ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲು ಯಾವುದು ಎಂದು ಕೇಳಿದರೆ ಅರ್ಥವಿಲ್ಲ. ಮಣ್ಣನ್ನು ತೋರಿಸದೆ ಈ ಪಟ್ಟಿ ಮಾತಾಡುವುದೇ ಇಲ್ಲ.

ಈಗ ನಮ್ಮ ಡಾಗ್‌ರಿಜ್‌ಗೆ ಬರೋಣ. ಅದೂ ಟೆಕ್ಸಾಸಿನದೇ, ಅದನ್ನು ಆರಿಸಿದವನೂ ಅದೇ ಮನ್ಸನ್. ಬೆಲ್ ಕೌಂಟಿಯ ಡಾಗ್ ರಿಜ್ ಎಂಬ ಗುಡ್ಡದ ಸಾಲಿನ ಹೆಸರು ಅದಕ್ಕೆ ಬಂದಿದೆ. ಚಾಂಪಿನಿ ಎಂಬ ಬೇರೆ ಬಳಗಕ್ಕೆ ಸೇರಿದ್ದು. ಒಣ ಗುಡ್ಡದ ಮೇಲೆ ಬದುಕಲು ಬೇಕಾದ ಮಹಾ ಹುರುಪು ಅದಕ್ಕಿದೆ, ಬೇರುಗಂಟು ಜಂತುಹುಳಕ್ಕೆ ಅದು ಜಗ್ಗುವುದಿಲ್ಲ. ಯುರೋಪಿಗೆ ಬೇರುಸಸಿ ಬೇಕಾದದ್ದು ಒಂದು ಕೀಟದ ಕಾಟಕ್ಕೆ. ನಮ್ಮ ದಖ್ಖನ್ನಿಗೆ ಬೇಕಾದದ್ದು ಬೇರೆ ಕಾರಣಕ್ಕೆ: ಬರ ಬಿದ್ದಿತು, ಬೋರುಗಳು ಆಳಕ್ಕೆ ಹೋದವು, ನೀರು ಸವುಳಾಯಿತು, ಸ್ವಂತ ಬೇರಿನ ಥಾಮ್ಸನ್ ತಾಳಲಿಲ್ಲ. ಕಳೆದ ಶತಮಾನದ ಕೊನೆಗೆ ಮಹಾರಾಷ್ಟ್ರದಿಂದ ನಮ್ಮ ಕಡೆಗೆ ಹಬ್ಬಿದ ಡಾಗ್‌ರಿಜ್ ಆ ಹೊತ್ತಿನಲ್ಲಿ ಸಾವಿರಾರು ಮನೆಗಳನ್ನು ಉಳಿಸಿತು. ನಮ್ಮ ಕಾಕಾನ ಮೇಲಿನ ಮಡ್ಡಿಯೇ ಅದಕ್ಕೆ ಸಾಕ್ಷಿ. ಗರಸಿನಲ್ಲಿ, ಕಡಿಮೆ ನೀರಿನಲ್ಲಿ ಆ ಬೇರಿನ ಹುರುಪಿಗೆ ನೆಲವೇ ಕಡಿವಾಣ ಹಾಕುತ್ತದೆ. ಬಳ್ಳಿ ಹದದಲ್ಲಿ ನಿಲ್ಲುತ್ತದೆ. ಡಾಗ್‌ರಿಜ್ ಕೆಟ್ಟದ್ದು ಎಂದು ಬರೆಯಲು ನಾನು ಕೂತಿಲ್ಲ. ಅದು ಒಂದು ನೆಲಕ್ಕೆ ಕೊಟ್ಟ ಸರಿಯಾದ ಉತ್ತರ. ಅದೇ ಉತ್ತರವನ್ನು ಎಲ್ಲ ನೆಲಕ್ಕೂ ಬರೆದುಬಿಟ್ಟದ್ದು ನಮ್ಮ ತಪ್ಪು.

ಆಳವಾದ ಎರೆಮಣ್ಣಿನಲ್ಲಿ ಆ ಹುರುಪೇ ಶತ್ರುವಾಗುವ ಬಗೆಯನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ದ್ರಾಕ್ಷಿಯಲ್ಲಿ ಬರುವ ವರ್ಷದ ಗೊನೆ ಹುಟ್ಟುವುದು ಅಕ್ಟೋಬರಿನಲ್ಲಲ್ಲ. ಏಪ್ರಿಲ್ ಚಾಟ್ನಿ ಆಗಿ ಒಂದೂವರೆ, ಎರಡು ತಿಂಗಳಾಗುವ ಹೊತ್ತಿಗೆ, ಹೊಸ ಕಡ್ಡಿಯ ಕಣ್ಣಿನೊಳಗೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಸಣ್ಣದಾಗಿ ಅದು ರೂಪು ಪಡೆಯುತ್ತದೆ. ಆ ದಿನಗಳಲ್ಲಿ ಕಣ್ಣಿಗೆ ಬಿಸಿಲು ತಾಗಬೇಕು. ಬೇರು ಕೆಳಗಿನಿಂದ ಒಂದೇ ಸಮನೆ ನೂಕುತ್ತಿದ್ದರೆ ಬಳ್ಳಿ ಎಲೆಯ ಮೇಲೆ ಎಲೆ ಬಿಟ್ಟು ತನಗೆ ತಾನೇ ನೆರಳಾಗುತ್ತದೆ. ನೆರಳಿನಲ್ಲಿ ಬೆಳೆದ ಕಣ್ಣು ಗೊನೆಯ ಬದಲು ಬರೀ ಕುಡಿ ಕೊಡುತ್ತದೆ. ಕೆಳಗಿನ ಪಡದಲ್ಲಿ ನಾವು ಹೊಗಳುತ್ತಿದ್ದ ನೆರಳು ಇದೇ. ಆಗ ರೈತ ಏನು ಮಾಡುತ್ತಾನೆ? ಚಿಗುರು ಚಿವುಟುವ ಕೂಲಿ ಹೆಚ್ಚುತ್ತದೆ, ಬೆಳವಣಿಗೆ ತಡೆಯುವ ಸಿಸಿಸಿ ಔಷಧಿಯ ಸಿಂಪರಣೆ ಹೆಚ್ಚುತ್ತದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಅದೇ ಔಷಧಿಯ ಶೇಷ ಸಿಕ್ಕಿ ರಫ್ತುದಾರರೂ ರೈತರೂ ದೊಡ್ಡ ಪೆಟ್ಟು ತಿಂದರು. ಆ ಔಷಧಿಯ ಬಳಕೆಗೆ ಕಾರಣ ಬೇರುಸಸಿ ಒಂದೇ ಎಂದು ನಾನು ಹೇಳುವುದಿಲ್ಲ. ಥಾಮ್ಸನ್ ತಳಿಯೇ ಹುರುಪಿನದು. ಆದರೂ ಹುರುಪಿನ ತಳಿಯನ್ನು ಹುರುಪಿನ ಬೇರಿನ ಮೇಲೆ, ಹುರುಪು ಕೊಡುವ ನೆಲದಲ್ಲಿ ನಿಲ್ಲಿಸಿ, ಆಮೇಲೆ ಅದನ್ನು ತಡೆಯಲು ಬಾಟಲಿ ಖರೀದಿಸುವುದು ದುಬಾರಿಯ ದಾರಿ.

ಇನ್ನು ಎಲೆಯ ಅಂಚು ಸುಟ್ಟ ಕತೆ. ಉಪ್ಪು ಎಂದರೆ ಒಂದೇ ವಸ್ತು ಎಂದು ನಾವು ತಿಳಿದಿದ್ದೇವೆ. ಬೇರಿನ ಮಟ್ಟಿಗೆ ಹಾಗಲ್ಲ. ಕ್ಲೋರೈಡನ್ನು ಹೊರಗಿಡುವ ಬೇರು ಸೋಡಿಯಮ್ಮನ್ನು ಒಳಗೆ ಬಿಡಬಹುದು, ಅದೂ ವರ್ಷಗಳು ಕಳೆದಂತೆ. ಪುಣೆಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಡಾಗ್‌ರಿಜ್ ಮೇಲಿನ ಹಳೆಯ ಬಳ್ಳಿಗಳಲ್ಲಿ ಸೋಡಿಯಂ ಕೂಡುತ್ತ ಹೋಗಿ ಎಲೆ ಕಪ್ಪಾಗುವುದನ್ನೂ ತೋಳು ಒಣಗುವುದನ್ನೂ ದಾಖಲಿಸಿದ್ದಾರೆ. ಅವರ ಪ್ರಯೋಗಗಳಲ್ಲಿ 110 ಆರ್ ಇಂಥ ಕಡೆ ಮೇಲುಗೈ ತೋರಿಸಿದೆ. ಗಮನಿಸಬೇಕಾದದ್ದು ಕಾಲದ ಅಂಶ. ಮೂರನೆಯ ವರ್ಷದ ಪಡ ನೋಡಿ ಬೇರನ್ನು ಮೆಚ್ಚಿಕೊಂಡರೆ ಮೋಸ ಹೋದಂತೆಯೇ. ನಮ್ಮ ಕಡೆ ಆಗುವುದೇ ಅದು. ಹೊಸ ಪಡ ಹಾಕುವವನನ್ನು ಕರೆದುಕೊಂಡು ಹೋಗಿ ತೋರಿಸುವುದು ಊರಿನ ಅತ್ಯಂತ ಎಳೆಯ, ಅತ್ಯಂತ ಹಸಿರು ಪಡವನ್ನು. ಹತ್ತು ವರ್ಷ ದಾಟಿದ ಪಡಕ್ಕೆ ಹೋಗಿ, ಒಣಗಿದ ತೋಳು ಎಷ್ಟು ಎಂದು ಎಣಿಸಿ ಬರುವವರು ಅಪರೂಪ.

ಡೋಣಿ ನದಿಯ ಸಾಲನ್ನು ಬಲ್ಲವರಿಗೆ ಉಪ್ಪಿನ ಈ ಮಾತು ಹೊಸದಲ್ಲ. ಆ ಹೊಳೆಯ ನೀರೇ ಉಪ್ಪು, ದಂಡೆಯ ಎರೆ ಜೋಳಕ್ಕೆ ಹೆಸರಾದದ್ದು. ಈಗ ತುಬಚಿ–ಬಬಲೇಶ್ವರದಂಥ ಏತ ನೀರಾವರಿಯಿಂದ ಕೃಷ್ಣೆಯ ನೀರು ಒಣ ಊರುಗಳಿಗೆ ಬಂದಿದೆ. ಇಡೀ ಸೀಮೆ ಕಾದು ಕೂತಿದ್ದ ನೀರು ಅದು. ಆದರೆ ಬೇರಿನ ಲೆಕ್ಕ ಇದರಿಂದ ತಿರುವುಮುರುವಾಗುತ್ತದೆ ಎಂಬುದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಬರಕ್ಕೆಂದು ಆರಿಸಿದ ಬೇರಿಗೆ ಈಗ ಬರವಿಲ್ಲ. ಸವುಳು ನೀರಿನ ಜಾಗಕ್ಕೆ ಸಿಹಿನೀರು ಬಂದ ಮಡ್ಡಿಯಲ್ಲಿ ಹುರುಪಿನ ಕಡಿವಾಣ ಸಡಿಲಾಗುತ್ತದೆ. ಕೆಳಗಿನ ಎರೆಹೊಲದಲ್ಲಿ ಬಸಿಗಾಲುವೆ ಇಲ್ಲದಿದ್ದರೆ ನೀರಿನ ಮಟ್ಟ ಏರಿ, ಆಳದ ಉಪ್ಪೂ ಮೇಲೆದ್ದು, ಹೊಸ ಜವುಳು ಹುಟ್ಟುತ್ತದೆ. ಇಪ್ಪತ್ತು ವರ್ಷದ ಹಿಂದೆ ಸರಿಯಾಗಿದ್ದ ಆಯ್ಕೆ ಅದೇ ಹೊಲದಲ್ಲಿ ಇಂದು ತಪ್ಪಾಗಬಹುದು.

ಒಂದೇ ಬೇರನ್ನು ಎಲ್ಲೆಡೆ ಹಚ್ಚುವುದರಲ್ಲಿ ಇನ್ನೊಂದು ಅಪಾಯವಿದೆ. ಅದರ ಉದಾಹರಣೆ ಕ್ಯಾಲಿಫೋರ್ನಿಯಾದ್ದು. 1879ರಲ್ಲಿ ಫ್ರಾನ್ಸಿನ ವಿಕ್ಟರ್ ಗಾಂಜಾ ಸಂಕರ ಮಾಡಿದ ಎಎಕ್ಸ್‌ಆರ್ 1 ಎಂಬ ಬೇರುಸಸಿಗೆ ಸುಲಭವಾಗಿ ಕಸಿ ಹತ್ತುತ್ತಿತ್ತು, ಇಳುವರಿ ಚೆನ್ನಾಗಿತ್ತು. ಅದರ ತಂದೆತಾಯಿಗಳಲ್ಲಿ ಒಂದು ಯುರೋಪಿನ ದ್ರಾಕ್ಷಿಯೇ ಆದ್ದರಿಂದ ಫಿಲಾಕ್ಸೆರಾ ಎದುರಿಸುವ ಶಕ್ತಿ ಅರೆಬರೆ. ಸಿಸಿಲಿ, ದಕ್ಷಿಣ ಆಫ್ರಿಕಾಗಳಲ್ಲಿ ಅದು ಸೋತದ್ದು ಗೊತ್ತಿತ್ತು. ಹಾಗಿದ್ದೂ ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿ ಬರುತ್ತಿದೆಯಲ್ಲ ಎಂದು ವಿಶ್ವವಿದ್ಯಾಲಯವೇ ಶಿಫಾರಸು ಮಾಡಿತು. ನಾಪಾ, ಸೊನೋಮಾ ಕಣಿವೆಗಳ ಬಹುಪಾಲು ತೋಟ ಅದರ ಮೇಲೆ ನಿಂತಿತು. 1980ರ ದಶಕದಲ್ಲಿ ಅದನ್ನು ತಿನ್ನಬಲ್ಲ ಕೀಟದ ಹೊಸ ಬಗೆ ಕಾಣಿಸಿಕೊಂಡಿತು. ಮುಂದಿನ ಹತ್ತು ಹದಿನೈದು ವರ್ಷ ಆ ಕಣಿವೆಗಳಲ್ಲಿ ಸಾವಿರಾರು ಎಕರೆ ಕಿತ್ತು ಮತ್ತೆ ನೆಟ್ಟರು. ಸಾಲ ಮಾಡಿ ಮತ್ತೆ ನೆಡುವ ಶಕ್ತಿ ಅಲ್ಲಿನ ವೈನ್ ಕಂಪನಿಗಳಿಗಿತ್ತು. ಎರಡು ಎಕರೆಯ ಒಣದ್ರಾಕ್ಷಿಯ ಮೇಲೆ ಮನೆ ನಡೆಸುವವನಿಗೆ ಎಲ್ಲಿಂದ ಬರಬೇಕು? ಎಲ್ಲರ ಹೊಲದಲ್ಲೂ ಒಂದೇ ಬೇರು ಇದ್ದರೆ ಬರುವ ಕಷ್ಟವೂ ಎಲ್ಲರಿಗೂ ಒಂದೇ ದಿನ ಬರುತ್ತದೆ. ಪಕ್ಕದವನ ಹೊಲ ನೋಡಿ ಕಲಿಯಲೂ ಆಗದು, ಪಕ್ಕದವನಿಂದ ಕೈಗಡ ತರಲೂ ಆಗದು.

ಬೇರುಸಸಿಯೇ ಬೇಡದ ನೆಲವೂ ನಮ್ಮಲ್ಲಿದೆ. ಚಿಕ್ಕಬಳ್ಳಾಪುರ, ದೇವನಹಳ್ಳಿಯ ಕೆಂಪು ಮಣ್ಣಿನಲ್ಲಿ ಕಲ್ಲುಕಂಬದ ಚಪ್ಪರದ ಮೇಲೆ ಹಬ್ಬುವ ಬೆಂಗಳೂರು ನೀಲಿ ದ್ರಾಕ್ಷಿ ಸ್ವಂತ ಬೇರಿನ ಮೇಲೆಯೇ ನಿಂತಿದೆ. ಅದು ಅಮೆರಿಕದ ಲಬ್ರುಸ್ಕಾ ರಕ್ತವಿರುವ ಇಸಬೆಲ್ಲಾ ಬಳಗದ್ದು. ಬೇರಿಗೆ ತನ್ನದೇ ಗಟ್ಟಿತನವಿದೆ, ನೀರು ಬಸಿಯುವ ಆ ಮಣ್ಣು ಅದಕ್ಕೆ ಒಗ್ಗಿದೆ. ಅದೇ ಸೀಮೆಯಲ್ಲಿ ದಿಲ್‌ಖುಷ್, ಶರದ್ ಹಾಕುವವರಿಗೆ ಬೇರುಸಸಿ ಬೇಕು. ಒಂದೇ ತಾಲೂಕಿನಲ್ಲಿ ಎರಡು ಉತ್ತರ, ಎರಡೂ ಸರಿ.

ಇಷ್ಟು ಹೇಳಿದ ಮೇಲೆ ಕಾಕಾನ ಕಡೆಯಿಂದ ಬರುವ ಮಾತನ್ನೂ ಕೇಳಬೇಕು. ಆ ಸಂಜೆ ನಾನು 110 ಆರ್, ಸುಣ್ಣ, ಸೋಡಿಯಂ ಎಂದು ಉತ್ಸಾಹದಿಂದ ಹೇಳುತ್ತಿದ್ದಾಗ ಅವರು ಅಂದರು: “ನೀ ಹೇಳೂದೆಲ್ಲಾ ಖರೆ ಇರಬಹುದಪಾ. ನರ್ಸರ್‍ಯಾಗ ಸಿಗೂದು ಒಂದ. ಕಲಮು ಕಟ್ಟವರ ಕೈ ಕೂತಿದ್ದು ಅದರ ಮ್ಯಾಲೇ. ಅದು ಆರ ತಿಂಗಳದಾಗ ದಪ್ಪ ಆಕ್ಕೈತಿ, ನಿಂದು ಆಗಲಿಲ್ಲಂದ್ರ ಒಂದ್ ವರ್ಷ ಹ್ವಾದಂಗ. ಬ್ಯಾಂಕಿನವ್ರು ಒಂದ್ ವರ್ಷ ಕಾಯ್ತಾರೇನು?”

ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಡಾಗ್‌ರಿಜ್ ಬೇಗ ಬೆಳೆದು ಕಸಿಗೆ ಬರುತ್ತದೆ ಎಂಬುದು ನಿಜ. ನರ್ಸರಿಯವರಿಗೂ ಕಸಿಗಾರರಿಗೂ ಅದು ಪ್ರಿಯವಾಗಿರುವುದಕ್ಕೆ ಅದೇ ಕಾರಣ. ರೈತ ‘ಮತ್ತೇನ?’ ಎಂದರೆ ಅದು ಸೋಮಾರಿತನದ ಮಾತಲ್ಲ, ಅವನ ಮುಂದೆ ಬೇರೆ ಬಾಗಿಲೇ ಇಲ್ಲದ್ದರಿಂದ ಬಂದ ಮಾತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬೇರು ಯಾವುದಾದರೇನು, ನೀರು ಕೆಟ್ಟರೆ ಎಲ್ಲವೂ ಸಾಯುತ್ತವೆ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ತಿರುಳಿದೆ. ದ್ರಾಕ್ಷಿಯ ಸಾಮಾನ್ಯ ಲೆಕ್ಕ ಹೀಗೆ: ಬೇರಿನ ಸುತ್ತಲಿನ ಮಣ್ಣಿನ ಸಾರದ ಇ.ಸಿ., ಅಂದರೆ ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ, 1.5 ದಾಟಿದರೆ, ಅಲ್ಲಿಂದ ಮೇಲೆ ಒಂದೊಂದು ಅಂಕ ಏರಿದಂತೆ ಇಳುವರಿ ಸುಮಾರು ಶೇ 9.6ರಷ್ಟು ಇಳಿಯುತ್ತದೆ. ಒಳ್ಳೆಯ ಬೇರು ಈ ಇಳಿತವನ್ನು ತಡವಾಗಿಸುತ್ತದೆ, ನಿಲ್ಲಿಸುವುದಿಲ್ಲ. ನೀರು ಬಸಿಯದ ಹೊಲದಲ್ಲಿ ಬಸಿಗಾಲುವೆ ತೋಡದೆ ಬೇರು ಬದಲಿಸುವುದು, ಸೋರುವ ಮಾಳಿಗೆಯ ಕೆಳಗೆ ಹಾಸಿಗೆ ಬದಲಿಸಿದಂತೆ. ಆದರೆ ನೀರು, ಗೊಬ್ಬರ, ಚಾಟ್ನಿ ಇವೆಲ್ಲ ವರ್ಷವರ್ಷವೂ ತಿದ್ದಿಕೊಳ್ಳಬಹುದಾದ ತಪ್ಪುಗಳು. ಬೇರಿನದು ತಿದ್ದಲಾಗದ ತಪ್ಪು. ತಿದ್ದಲಾಗದ್ದರ ಬಗ್ಗೆಯೇ ಮೊದಲು ಯೋಚಿಸಬೇಕು ಎಂಬುದಷ್ಟೇ ನನ್ನ ವಾದ.

ಆ ಯೋಚನೆಗೆ ದೊಡ್ಡ ಖರ್ಚೇನೂ ಇಲ್ಲ. ನಾಲ್ಕೈದು ಅಡಿ ಆಳದ ಒಂದು ಗುಂಡಿ ತೋಡಿ ಅದರೊಳಗೆ ಇಳಿದು ನಿಂತರೆ ಅರ್ಧ ಉತ್ತರ ಸಿಕ್ಕಂತೆ. ನಾವು ಮಣ್ಣು ಪರೀಕ್ಷೆಗೆ ಕಳಿಸುವುದು ಮೇಲಿನ ಗೇಣುದ್ದದ ಮಣ್ಣನ್ನು. ಬೇರು ಬದುಕುವುದು ಅದರ ಕೆಳಗೆ. ಗುಂಡಿಯ ಗೋಡೆಯಲ್ಲಿ ಗರಸು ಎಲ್ಲಿ ಶುರುವಾಗುತ್ತದೆ, ಎರೆ ಎಲ್ಲಿಯವರೆಗೆ ಹಸಿಯಾಗಿದೆ, ಸುಣ್ಣದ ಹರಳುಗಳು ಎಷ್ಟು ಆಳದಿಂದ ಕಾಣುತ್ತವೆ ಎಂದು ನೋಡಬೇಕು. ನೀರು ಬೆರೆಸಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿಯನ್ನು ಹುಷಾರಾಗಿ ಮಣ್ಣಿನ ಹೆಂಟೆಯ ಮೇಲೆ ಬಿಟ್ಟರೆ, ಸುಣ್ಣವಿದ್ದಲ್ಲಿ ಸೋಡಾ ಉಕ್ಕಿದಂತೆ ನೊರೆಯೇಳುತ್ತದೆ. ಕಾಕಾನ ಕೆಳಗಿನ ಹೊಲದ ಗುಂಡಿಯಲ್ಲಿ ನಾವು ಹೀಗೆ ಮಾಡಿದೆವು. ಎರಡಡಿಯವರೆಗೆ ಸಣ್ಣ ಸದ್ದು, ಮೂರಡಿಯ ಕೆಳಗೆ ಭರ್ರೆಂದು ನೊರೆ. ಅಲ್ಲಿಂದ ತೆಗೆದ ಮಣ್ಣು, ಬೇಸಿಗೆಯಲ್ಲಿ ತುಂಬಿದ ಬೋರಿನ ನೀರು, ಎರಡೂ ಪ್ರಯೋಗಾಲಯಕ್ಕೆ ಹೋಗಬೇಕು, ಬರೀ ಇ.ಸಿ. ಸಾಲದು, ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಬೇರೆಬೇರೆಯಾಗಿ ಕೇಳಿ ಬರೆಸಿಕೊಳ್ಳಬೇಕು.

ರೈತನ ಪಾಲಿನ ಕೆಲಸ ಇಷ್ಟು. ಅವನ ಕೈಯಲ್ಲಿ ಇಲ್ಲದ್ದೂ ಇದೆ, ಮತ್ತು ಅಲ್ಲಿ ನನಗೆ ಸಮಾಧಾನವಿಲ್ಲ. ಪುಣೆಯ ಪ್ರಯೋಗ ಪುಣೆಯ ನೆಲದ್ದು. ಡೋಣಿಯ ಎರೆಗೆ, ಟಿಕೋಟಾದ ಗರಸಿಗೆ, ನಂದಿಯ ಕೆಂಪು ಮಣ್ಣಿಗೆ ಬೇರೆಬೇರೆ ಬೇರುಗಳನ್ನು ಅಕ್ಕಪಕ್ಕ ನೆಟ್ಟು ಹದಿನೈದು ವರ್ಷ ಲೆಕ್ಕ ಇಡುವ ಕೆಲಸವನ್ನು ನಮ್ಮ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂಥ ಸಂಸ್ಥೆ, ರೈತರ ಹೊಲಗಳಲ್ಲೇ, ಊರೂರಿಗೆ ಕಾಣುವಂತೆ ಮಾಡಬೇಕು. ಮೂರು ವರ್ಷದ ಯೋಜನೆಯಲ್ಲಿ ಇದು ಮುಗಿಯುವುದಿಲ್ಲ. ಮೂರು ವರ್ಷಕ್ಕೆ ಎಲ್ಲ ಬೇರುಗಳೂ ಹಸಿರಾಗಿಯೇ ಇರುತ್ತವೆ. ಡ್ರಿಪ್ಪಿಗೆ ಸಹಾಯಧನ ಕೊಡುವ ಸರ್ಕಾರ, ತಾಯಿಗಿಡ ಯಾವುದೆಂದು ತೋರಿಸಿ ಹೆಸರು ಬರೆದು ಸಸಿ ಮಾರುವ ನರ್ಸರಿಗೂ ಅಷ್ಟೇ ಗಮನ ಕೊಡಬೇಕು. ಬಿತ್ತನೆ ಬೀಜದ ಚೀಲದ ಮೇಲೆ ತಳಿಯ ಹೆಸರಿಲ್ಲದಿದ್ದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಹದಿನೈದು ವರ್ಷ ಬಾಳಬೇಕಾದ ಸಸಿಯ ಚೀಲದ ಮೇಲೆ ಏನೂ ಬರೆಯದಿದ್ದರೂ ಟ್ರ್ಯಾಕ್ಟರಿಗೆ ಹೇರಿಕೊಂಡು ಬರುತ್ತೇವೆ.

ಅಲ್ಲಿಯವರೆಗೆ ರೈತ ಕೈಕಟ್ಟಿ ಕೂರಬೇಕಿಲ್ಲ. ಇಡೀ ಪಡವನ್ನು ಹೊಸ ಬೇರಿನ ಮೇಲೆ ಪಣಕ್ಕಿಡಿ ಎಂದು ನಾನು ಯಾರಿಗೂ ಹೇಳಲಾರೆ. ನಾಲ್ಕು ಸಾಲು ಸಾಕು. ಆ ನಾಲ್ಕು ಸಾಲಿನ ಗೊನೆ, ಎಲೆಯ ಅಂಚು, ತೋಳಿನ ಸ್ಥಿತಿ ಪ್ರತಿವರ್ಷ ಒಂದು ವಹಿಯಲ್ಲಿ ಬರೆದಿಟ್ಟರೆ ಮುಂದಿನ ಪಡ ಹಾಕುವ ಹೊತ್ತಿಗೆ ಯಾರನ್ನೂ ಕೇಳಬೇಕಾಗಿಲ್ಲ.

ಕಾಕಾ ಆ ಬೇಸಿಗೆ ಕೆಳಗಿನ ಹೊಲದಲ್ಲಿ ಹಳ್ಳದ ಕಡೆಗೆ ಬಸಿಗಾಲುವೆ ತೋಡಿಸಿದರು. ಒಂದು ವರ್ಷ ಜೋಳ ಬಿತ್ತಿದರು. ಮೇಲಿನ ಮಡ್ಡಿಯ ಪಡ ಇದ್ದ ಹಾಗೆಯೇ ಇದೆ, ಅದೇ ಡಾಗ್‌ರಿಜ್ ಮೇಲೆ, ಚೆನ್ನಾಗಿಯೇ ಇದೆ. ಕೆಳಗೆ ಒಂದು ಎಕರೆ ಮಾತ್ರ ಪಡ ಹಾಕಿದರು. ಅರ್ಧಕ್ಕೆ 110 ಆರ್, ದೂರದ ನರ್ಸರಿಯಿಂದ ಮೊದಲೇ ಹೇಳಿ ತರಿಸಿದ್ದು, ಅರ್ಧಕ್ಕೆ ಹಳೆಯದೇ. 110 ಆರ್ ಸಸಿಯ ಗಾಡಿ ಬಂದ ದಿನ ಬೆಳಿಗ್ಗೆ ಅವರು ಚೀಲಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಏರಿಸಿ, ಒಂದೊಂದು ಸಸಿಯ ಚಿಗುರನ್ನೂ ಬೆರಳಲ್ಲಿ ಹಿಡಿದು ನೋಡಿದರು. ಹೊಳಪಿಲ್ಲದ, ರೋಮವಿದ್ದ ಒಂಬತ್ತು ಸಸಿ ಸಿಕ್ಕವು. ಅವನ್ನು ಪಕ್ಕಕ್ಕಿಟ್ಟು ವಾಪಸು ಕಳಿಸಿದರು. ಹೊಸ ಬೇರಿನ ಸಸಿಗಳು ನಿಧಾನಕ್ಕೆ ದಪ್ಪವಾದವು, ಕಸಿ ಒಂದು ತಿಂಗಳು ತಡವಾಯಿತು, ಕೆಲವು ಹತ್ತಲಿಲ್ಲ. ಅವಕ್ಕೆ ಎರಡನೆಯ ಸಲ ಕಟ್ಟಿಸಬೇಕಾಯಿತು.

ಕಳೆದ ಸಲ ಹೋದಾಗ ಸಾಲುಗಳ ತುದಿಯ ಕಲ್ಲುಗಳಿಗೆ ಬಿಳಿ ಬಣ್ಣ ಹಚ್ಚಿ, ಕೆಂಪು ಬಣ್ಣದಲ್ಲಿ ಬೇರಿನ ಹೆಸರು, ಹಚ್ಚಿದ ತಿಂಗಳು, ಕಲಮು ಕಟ್ಟಿದವನ ಹೆಸರು ಬರೆಸಿದ್ದರು. ಅಕ್ಷರ ಸೊಟ್ಟಪಟ್ಟ ಇದ್ದವು; ಮೊಮ್ಮಗನ ಕೈಬರಹ. ಇಷ್ಟೆಲ್ಲ ಯಾಕೆ ಕಾಕಾ ಎಂದೆ. “ಆ ಹನ್ನೆರಡ ಗಿಡದ ಹೆಸರ ಹೇಳವರು ಯಾರೂ ಇರ್ಲಿಲ್ಲಲ್ಲೋ” ಎಂದು, ಬಣ್ಣದ ಡಬ್ಬಿ ಎತ್ತಿಕೊಂಡು ಮೇಲಿನ ಮಡ್ಡಿಯ ಸಾಲುಗಳ ಕಡೆ ನಡೆದರು. ಅಲ್ಲಿನ ಕಲ್ಲುಗಳಿಗೆ ಇನ್ನೂ ಬರೆದಿರಲಿಲ್ಲ.